ಗೆಳೆಯನಿಗೊಂದು ಧ್ವನಿಸುರುಳಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಬೆಟ್ಟಕ್ಕಿಂತಲೂ ಯುದ್ಧಕ್ಕೆ ಚೆನ್ನಾಗಿ ಒಪ್ಪುತ್ತದೆ. ರಣರಂಗ ಎಷ್ಟು ದೂರವೋ ಅದರ ವರ್ಣನೆ ಅಷ್ಟು ರಮ್ಯ. ಗಾಯದ ನಾತವಾಗಲಿ, ನೆನೆದ ಬೂಟಿನೊಳಗೆ ಮರಗಟ್ಟಿದ ಕಾಲಾಗಲಿ, ಮಗನ ಮರಣವಾರ್ತೆ ಬಂದ ಮನೆಯ ಗೋಳಾಗಲಿ ದೂರದವರನ್ನು ತಲಪುವುದಿಲ್ಲ. ಬಾವುಟದ ಬಣ್ಣ, ಕಹಳೆಯ ದನಿ, ಜಯಘೋಷ, ಇಷ್ಟು ಮಾತ್ರ ತಲಪುತ್ತವೆ.

1982ನೆಯ ಇಸವಿ ಏಪ್ರಿಲ್ 5ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಕಂಡದ್ದು ಇಂಥ ದೃಶ್ಯವೇ. ‘ಹರ್ಮಿಸ್’, ‘ಇನ್‌ವಿನ್ಸಿಬಲ್’ ಎಂಬ ಎರಡು ವಿಮಾನವಾಹಕ ಹಡಗುಗಳು ದಕ್ಷಿಣ ಅಟ್ಲಾಂಟಿಕ್ ಸಾಗರದತ್ತ ಹೊರಟವು. ದಡದ ತುಂಬ ಜನ ನೆರೆದು ಬಾವುಟಗಳನ್ನು ಬೀಸಿದರು, ಹಾಡಿದರು, ಅತ್ತರು. ಮೂರು ದಿನಗಳ ಹಿಂದೆ ಅರ್ಜೆಂಟೀನಾದ ಸೈನ್ಯ ಫಾಕ್‌ಲ್ಯಾಂಡ್ ದ್ವೀಪಗಳನ್ನು ಆಕ್ರಮಿಸಿಕೊಂಡಿತ್ತು. ಬ್ರಿಟನ್ನಿನಿಂದ ಸುಮಾರು 8,000 ಮೈಲಿ ದೂರದ ಆ ದ್ವೀಪಗಳಲ್ಲಿ ಆಗ ಇದ್ದವರು 1,800ರಷ್ಟು ಮಂದಿ. ಕುರಿಗಳು ಮಾತ್ರ ಲಕ್ಷಗಟ್ಟಲೆ. ಅಂಥ ದ್ವೀಪಗಳು ಭೂಪಟದಲ್ಲಿ ಎಲ್ಲಿವೆಯೆಂದು ಅಂದಿನವರೆಗೆ ಅರಿಯದಿದ್ದವರೂ ಅಂದು ಅವುಗಳ ಹೆಸರು ಹೇಳಿ ಜಯಕಾರ ಹಾಕಿದರು.

ಅದೇ ದೇಶದ ಸಾಧಾರಣ ಊರೊಂದರಲ್ಲಿ, ಸಾಧಾರಣ ಮನೆಯ ಮಹಡಿಯ ಕೋಣೆಯಲ್ಲಿ, ಹದಿನೇಳು ವರ್ಷದ ಹುಡುಗನೊಬ್ಬ ಆ ವಾರಗಳಲ್ಲಿ ಬೇರೊಂದು ಕೆಲಸದಲ್ಲಿ ಮುಳುಗಿದ್ದನೆಂದು ವಾಚಕರು ಭಾವಿಸಿಕೊಳ್ಳಲಿ. ಹುಡುಗ ಕಲ್ಪನೆಯವನು, ಅವನಿಗೊಂದು ಹೆಸರಿಡುವ ಅಗತ್ಯವಿಲ್ಲ. ಆದರೆ ಅವನು ಮಾಡುತ್ತಿದ್ದ ಕೆಲಸ ಕಲ್ಪನೆಯದಲ್ಲ. ಅಂದಿನ ತರುಣರಲ್ಲಿ ಅದು ಮನೆಮನೆಯ ರೂಢಿಯಾಗಿತ್ತು. ಅವನ ಗೆಳೆಯನೊಬ್ಬ ಸೈನ್ಯಕ್ಕೆ ಸೇರುವ ಅರ್ಜಿಯನ್ನು ತಂದಿಟ್ಟುಕೊಂಡಿದ್ದ. ಗೆಳೆಯನಿಗೆ ಅರ್ಜೆಂಟೀನಾದವರ ಮೇಲೆ ಎಳ್ಳಷ್ಟೂ ದ್ವೇಷವಿರಲಿಲ್ಲ. ಅವನಿಗೆ ಕೆಲಸವಿರಲಿಲ್ಲ, ಅಷ್ಟೆ. ಆ ವರ್ಷದ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಸೈನ್ಯಕ್ಕೆ ಸೇರಿದರೆ ಮೂರು ಹೊತ್ತಿನ ಊಟ, ಕೈಗೊಂದು ಕಸುಬು, ಊರವರ ಗೌರವ. ಇದಿರು ನಿಂತು “ಹೋಗಬೇಡ ಕಣೋ” ಎಂದರೆ “ಹೋಗದೆ ಏನು ಮಾಡಲಿ, ನೀನೇ ಹೇಳು” ಎಂದು ಗೆಳೆಯ ಕೇಳುತ್ತಾನೆ. ಅದಕ್ಕೆ ಹುಡುಗನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಾರಣದಿಂದಲೇ ಅವನು ಹಾಡುಗಳನ್ನು ಹುಡುಕತೊಡಗಿದ. ತನ್ನ ಬಾಯಿಂದ ಬಾರದ ಮಾತನ್ನು ಯಾರೋ ಎಲ್ಲೋ ಹಾಡಿದ್ದಾರು. ಅವನ್ನೆಲ್ಲ ಆರಿಸಿ, ಒಂದು ಕ್ಯಾಸೆಟ್ಟಿನಲ್ಲಿ ತುಂಬಿ, ಗೆಳೆಯನ ಕೈಗಿಡಬೇಕೆಂಬುದು ಅವನ ಹಂಚಿಕೆ.

ಬರೆಯಬಲ್ಲ ಸುರುಳಿ

ಕ್ಯಾಸೆಟ್ಟನ್ನು ಇಂದಿನ ಎಳೆಯರು ಕಂಡಿರಲಾರರು. ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್ ನಗರದ ವಸ್ತುಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ಆಟನ್ಸ್ ಎಂಬ ಎಂಜಿನಿಯರು ಮೊದಲು ಕೋಟಿನ ಜೇಬಿನಲ್ಲಿ ಹಿಡಿಸುವಂಥ ಮರದ ತುಂಡೊಂದನ್ನು ಕೆತ್ತಿಸಿಕೊಂಡು, ಯಂತ್ರ ಇದಕ್ಕಿಂತ ದೊಡ್ಡದಾಗಕೂಡದೆಂದು ಗೊತ್ತುಮಾಡಿದನಂತೆ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ನಾಲ್ಕು ಮಿಲಿಮೀಟರಿಗೂ ಕಡಮೆ ಅಗಲದ ಪಟ್ಟಿ. ಅದರ ಮೈಗೆ ಕಬ್ಬಿಣದ ತುಕ್ಕಿನ ಜಾತಿಯ ಪುಡಿಯ ಲೇಪ. ಆ ಪುಡಿಯ ಕಣಗಳಲ್ಲಿ ಅಯಸ್ಕಾಂತದ ಗುರುತುಗಳಾಗಿ ದನಿ ನಿಲ್ಲುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುತ್ತಿರುವ ಪಟ್ಟಿಯನ್ನು ಬಿಚ್ಚಿ ಎಳೆದರೆ ಸುಮಾರು 130 ಮೀಟರು ಉದ್ದವಾದೀತು. ಕನ್ನಡಿಗರಿಗೆ ಈ ವಸ್ತು ಪರಕೀಯವಲ್ಲ. ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು ಭಾವಗೀತೆಯನ್ನು ಮನೆಮನೆಗೆ ಒಯ್ದದ್ದು ಇದೇ ಸುರುಳಿಯ ಮೂಲಕ.

ಗ್ರಾಮಫೋನ್ ತಟ್ಟೆಗೂ ಇದಕ್ಕೂ ಮುಖ್ಯವಾದ ಒಂದು ಅಂತರವಿದೆ. ತಟ್ಟೆ ಅಚ್ಚಾದ ಪುಸ್ತಕದಂತೆ. ಕೊಂಡವನು ಓದಬಹುದೇ ಹೊರತು ತಿದ್ದಲಾರ. ಕ್ಯಾಸೆಟ್ಟು ಮಕ್ಕಳ ಕೈಯ ಸ್ಲೇಟಿನಂತೆ. ಕೊಂಡವನೇ ಅದರ ಮೇಲೆ ಬರೆಯಬಲ್ಲ, ಅಳಿಸಬಲ್ಲ, ಮತ್ತೆ ಬರೆಯಬಲ್ಲ. ಇದು ಸಂಗೀತದ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. ಒಬ್ಬನು ಕೊಂಡ ತಟ್ಟೆಯಿಂದ ಹತ್ತು ಮಂದಿ ಹಾಡಿಳಿಸಿಕೊಂಡರೆ ತಟ್ಟೆಯನ್ನು ಕೊಳ್ಳುವವರಾರು? 1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಿಕೆ ಕಂಪನಿಗಳ ಒಕ್ಕೂಟ, ಮನೆಯಲ್ಲಿ ಹಾಡಿಳಿಸಿಕೊಳ್ಳುವುದು ಸಂಗೀತವನ್ನು ಕೊಲ್ಲುತ್ತಿದೆಯೆಂದು ಪ್ರಚಾರ ಹೂಡಿತು. ಕ್ಯಾಸೆಟ್ಟನ್ನೇ ತಲೆಬುರುಡೆಯ ಹಾಗೆ ಬಿಡಿಸಿ, ಕೆಳಗೆ ಎರಡು ಎಲುಬುಗಳನ್ನು ಅಡ್ಡವಿಟ್ಟ ಚಿತ್ರ ಅದರ ಲಾಂಛನ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ‘ಡೆಡ್ ಕೆನೆಡೀಸ್’ ಎಂಬ ಗಾಯಕರ ತಂಡ ತಮ್ಮ ಹಾಡುಗಳನ್ನೆಲ್ಲ ಕ್ಯಾಸೆಟ್ಟಿನ ಒಂದೇ ಮಗ್ಗುಲಿಗೆ ತುಂಬಿ, ಇನ್ನೊಂದು ಮಗ್ಗುಲನ್ನು ಬೇಕೆಂದೇ ಖಾಲಿ ಬಿಟ್ಟು, ಕೊಂಡವರು ತಮಗೆ ಬೇಕಾದುದನ್ನು ಅಲ್ಲಿ ಇಳಿಸಿಕೊಳ್ಳಲೆಂದು ಬರೆದು ಮಾರಿತು. ಕವಿಗೂ ಗಾಯಕನಿಗೂ ಸಲ್ಲಬೇಕಾದ ಹಣದ ಪ್ರಶ್ನೆ ಹುಸಿಯಾದುದಲ್ಲ. ಆದರೆ ಒಬ್ಬ ಗೆಳೆಯನಿಗೆಂದು ಒಂದೇ ಪ್ರತಿಯನ್ನು ಮಾಡುತ್ತ ಕುಳಿತವನನ್ನು ಕಡಲ್ಗಳ್ಳನೆನ್ನಲು ಯಾವ ನ್ಯಾಯಾಧೀಶನಿಗಾದರೂ ನಾಲಿಗೆ ಹೊರಳುವುದು ಕಷ್ಟ.

ಏಕೆಂದರೆ ಅದು ಸುಲಭದ ಕೆಲಸವಲ್ಲ. ಇಂದು ನೂರು ಹಾಡುಗಳನ್ನು ಬೆರಳ ತುದಿಯಿಂದ ಕ್ಷಣಮಾತ್ರದಲ್ಲಿ ಕಳುಹಿಸಬಹುದು. ಅಂದು ತೊಂಬತ್ತು ನಿಮಿಷದ ಸುರುಳಿ ತುಂಬಲು ತೊಂಬತ್ತು ನಿಮಿಷವಾದರೂ ಬೇಕು. ನಿಜವಾಗಿ ಹಿಡಿಯುತ್ತಿದ್ದುದು ಅದರ ಮೂರರಷ್ಟು. ಸುರುಳಿಯ ಮೊದಲಲ್ಲಿ ದನಿ ಹಿಡಿಯದ ಬರಿಯ ಪಟ್ಟಿಯೊಂದಿಷ್ಟಿರುತ್ತದೆ. ಆರು ಹಲ್ಲಿನ ಗಾಲಿಯ ನಡುವೆ ಪೆನ್ಸಿಲನ್ನು ತೂರಿಸಿ ತಿರುಗಿಸಿ ಮೊದಲು ಅದನ್ನು ದಾಟಿಸಬೇಕು. ತಟ್ಟೆಯ ಮೇಲೆ ಮುಳ್ಳನ್ನಿಟ್ಟು, ಅದು ಹಾಡಿನ ಗೆರೆಗೆ ಬರುವ ಮುನ್ನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಹಾಡು ಮುಗಿದೊಡನೆ ತಡೆಯಬೇಕು. ಮಗ್ಗುಲಿನ ಕೊನೆಯಲ್ಲಿ ಎರಡು ನಿಮಿಷ ಉಳಿದಿದೆಯೋ ಮೂರು ನಿಮಿಷವೋ ಎಂದು ಲೆಕ್ಕಹಾಕಿ ಅಷ್ಟೇ ಉದ್ದದ ಹಾಡನ್ನು ಹುಡುಕಬೇಕು. ಲೆಕ್ಕ ತಪ್ಪಿದರೆ ಗಾಯಕನ ಮಾತು ಅರ್ಧದಲ್ಲೇ ತುಂಡಾಗುತ್ತದೆ. ಆಮೇಲೆ ಒಳಗಿನ ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಹಾಡುಗಳ ಪಟ್ಟಿ. ಇಷ್ಟು ಹೊತ್ತು ಮಾಡುವವನ ಮನಸ್ಸಿನಲ್ಲಿ ಕೇಳಲಿರುವವನ ಮುಖ ಒಂದೇ ಸಮನೆ ನಿಂತಿರುತ್ತದೆ. ‘ಇದನ್ನು ಕೇಳಿದರೆ ಅವನು ನಗುವನೇ? ಇದು ಅತಿಯಾಯಿತೇ? ಇದಕ್ಕೆ ಮುನಿದು ಸುರುಳಿಯನ್ನೇ ಬಿಸಾಡಿಬಿಟ್ಟರೆ?’ ಯುದ್ಧದ ಪರವಾಗಿ ಭಾಷಣ ಮಾಡುವವರಿಗೆ ಈ ತೊಡಕಿಲ್ಲ. ಅವರೆದುರಿಗಿರುವುದು ಗುಂಪು, ಗುಂಪಿಗೆ ಮುಖವಿಲ್ಲ.

ಕೂಗಿನ ಸಂಗೀತ

ಅವನು ಆರಿಸಿದ್ದು ‘ಪಂಕ್’ ಎಂಬ ಸಂಗೀತ. 1976ರ ಸುಮಾರಿಗೆ ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ ತಲೆಯೆತ್ತಿದ ಈ ಪ್ರಕಾರವನ್ನು ಸಂಗೀತವೆಂದು ಕರೆಯಲು ಹಿರಿಯರು ಒಪ್ಪಲಿಲ್ಲ. ಗಿಟಾರಿನ ಮೂರು ಪಟ್ಟುಗಳ ಚಿತ್ರ ಬರೆದು, ಇಷ್ಟು ಬಂದರೆ ಸಾಕು, ಇನ್ನು ತಂಡ ಕಟ್ಟಿರಿ ಎಂದು ಆ ಕಾಲದ ಕೈಬರಹದ ಪತ್ರಿಕೆಯೊಂದು ಓದುಗರನ್ನು ಹುರಿದುಂಬಿಸಿತು. ಎರಡು ನಿಮಿಷದ ಹಾಡು, ಬಿರುಸಾದ ಲಯ, ಗಂಟಲು ಹರಿಯುವ ಕೂಗು, ಹಲವೆಡೆ ಸಭ್ಯರ ಮುಂದೆ ಆಡಲಾಗದ ಬೈಗುಳ. ಶಾಂತಿಯನ್ನು ಬಯಸುವವರು ಇಷ್ಟು ಅಶಾಂತವಾಗಿ ಕೂಗಬೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವೇ. ಆದರೆ ಹಸಿದ ಕೂಸು ರಾಗ ಹಿಡಿದು ಅಳುವುದಿಲ್ಲ. ಮನೆಗೆ ಬೆಂಕಿ ಬಿದ್ದುದನ್ನು ಕಂಡವನು ಶ್ರುತಿ ಕೂಡಿಸಿಕೊಂಡು ಕರೆಯುವುದಿಲ್ಲ. ಆ ತರುಣರ ಕಣ್ಣಿಗೆ ಬೆಂಕಿ ಬಿದ್ದೇ ಇತ್ತು. ಅಮೆರಿಕದ ಅಣುಕ್ಷಿಪಣಿಗಳನ್ನು ಇಂಗ್ಲೆಂಡಿನ ನೆಲದಲ್ಲಿ ತಂದಿಡುವುದೆಂದು 1979ರಲ್ಲೇ ನಿರ್ಧಾರವಾಗಿತ್ತು. ಅದನ್ನು ವಿರೋಧಿಸಿ 1981ರಲ್ಲಿ ಕಾರ್ಡಿಫ್ ನಗರದಿಂದ ಗ್ರೀನಮ್ ಕಾಮನ್ ಸೈನಿಕನೆಲೆಯವರೆಗೆ ನಡೆದುಹೋದ ಹೆಂಗಸರು ಅಲ್ಲೇ ಬೀಡುಬಿಟ್ಟಿದ್ದರು.

ಹಾಗಾದರೆ ಸುರುಳಿಯಲ್ಲಿ ಏನೇನಿರಬಹುದಿತ್ತು? ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ತಟ್ಟೆಗಳನ್ನು ನೋಡಿ ಊಹಿಸಬಹುದು. ಸೈನ್ಯದ ಕರೆಗೆ ಓಗೊಡಬೇಡಿರೆನ್ನುವ ‘ಕ್ಲ್ಯಾಶ್’ ತಂಡದ ‘ದಿ ಕಾಲ್ ಅಪ್’ 1980ರದು. ಅಮೆರಿಕದಲ್ಲಿ ತರುಣರು ಸೈನ್ಯದ ಪಟ್ಟಿಗೆ ಹೆಸರು ಕೊಡಬೇಕೆಂಬ ವಿಧಿ ಮತ್ತೆ ಜಾರಿಗೆ ಬಂದ ವರ್ಷ ಅದು. ಬಾಂಬು ಬಂದೂಕುಗಳ ನಡುವೆ ಬೆಳೆದ ಬೆಲ್‌ಫಾಸ್ಟ್ ನಗರದ ‘ಸ್ಟಿಫ್ ಲಿಟಲ್ ಫಿಂಗರ್ಸ್’ ತಂಡದ ‘ಟಿನ್ ಸೋಲ್ಜರ್ಸ್’ ಅದೇ ವರ್ಷದ್ದು. ಎಳೆಯ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿ ಪರಿತಪಿಸುವವನ ಕಥೆ. ಹುಡುಗ ಮೊದಲು ಇಟ್ಟದ್ದು ಅದನ್ನೇ ಇರಬೇಕು. ‘ಜೌಂಡ್ಸ್’ ತಂಡದ ‘ವಾರ್’, ‘ಮಾಬ್’ ತಂಡದ ‘ನೋ ಡವ್ಸ್ ಫ್ಲೈ ಹಿಯರ್’. ಇವುಗಳಲ್ಲಿ ಎರಡನೆಯದು ಕೂಗುವುದಿಲ್ಲ, ಕೊರಗುತ್ತದೆ. ಮತ್ತೆ ‘ಪಾಯ್ಸನ್ ಗರ್ಲ್ಸ್’ ತಂಡದ್ದೊಂದು. ಆ ತಂಡದ ಗಾಯಕಿ ವೈ ಸಬ್‌ವರ್ಸಾ ಆಗಲೇ ನಲವತ್ತು ದಾಟಿದ, ಎರಡು ಮಕ್ಕಳ ತಾಯಿ. ಹದಿಹರೆಯದವರ ಸಂತೆಯಲ್ಲಿ ನಿಂತು ಒಬ್ಬ ತಾಯಿ ಹಾಡಿದರೆ, ಎಷ್ಟು ಗದ್ದಲದ ಹಾಡಾದರೂ ಹುಡುಗರ ಕಿವಿಗೆ ಅದು ಮನೆಯ ದನಿಯೇ.

ಕೊಳ್ಳದೆ ಬಂದ ಹಾಡು

ಇತ್ತ ಯುದ್ಧ ಮಾತಿನಿಂದ ಕೃತಿಗೆ ಇಳಿಯಿತು. ಮೇ 2ರಂದು ಬ್ರಿಟನ್ನಿನ ಸಬ್‌ಮೆರೀನು ಅರ್ಜೆಂಟೀನಾದ ‘ಜನರಲ್ ಬೆಲ್‌ಗ್ರಾನೋ’ ಯುದ್ಧನೌಕೆಯನ್ನು ಮುಳುಗಿಸಿತು. 323 ಮಂದಿ ಸತ್ತರು. ಲಕ್ಷಾಂತರ ಪ್ರತಿಗಳು ಮಾರಾಟವಾಗುತ್ತಿದ್ದ ಲಂಡನ್ನಿನ ದಿನಪತ್ರಿಕೆಯೊಂದು ಆ ಸುದ್ದಿಗೆ ಬೇಟೆ ಸಿಕ್ಕವನ ಉದ್ಗಾರದಂಥ ಒಂದೇ ಪದದ ತಲೆಬರಹ ಹಾಕಿತು. ಸತ್ತವರ ಸಂಖ್ಯೆ ದೊಡ್ಡದೆಂಬ ಸುಳಿವು ಸಿಕ್ಕಮೇಲೆ ಮುಂದಿನ ಮುದ್ರಣಗಳಲ್ಲಿ ಅದನ್ನು ತೆಗೆದುಹಾಕಿತು. ಎರಡು ದಿನ ಕಳೆಯುವಷ್ಟರಲ್ಲಿ ಅರ್ಜೆಂಟೀನಾದ ವಿಮಾನ ಹಾರಿಸಿದ ಕ್ಷಿಪಣಿ ಬ್ರಿಟನ್ನಿನ ‘ಶೆಫೀಲ್ಡ್’ ನೌಕೆಗೆ ತಗುಲಿತು. 20 ಮಂದಿ ಸತ್ತರು. ಜೂನ್ 14ರಂದು ಅರ್ಜೆಂಟೀನಾ ಶರಣಾಯಿತು. ಒಟ್ಟು 74 ದಿನ. ಬ್ರಿಟನ್ನಿನ 255 ಮಂದಿ, ಅರ್ಜೆಂಟೀನಾದ 649 ಮಂದಿ, ದ್ವೀಪದ ಮೂವರು ಮೃತರಾದರು.

ಎಸೆಕ್ಸ್ ಪ್ರಾಂತದ ಹಳ್ಳಿಗಾಡಿನ ಹಳೆಯ ಮನೆಯೊಂದರಲ್ಲಿ ಒಟ್ಟಾಗಿ ಬಾಳುತ್ತಿದ್ದ ‘ಕ್ರಾಸ್’ ಎಂಬ ತಂಡ 1977ರಲ್ಲಿ ಹುಟ್ಟಿತು. ಮರುವರ್ಷ ಹೊರಟ ಅವರ ಮೊದಲ ತಟ್ಟೆಯ ಮೊದಲ ರಚನೆಯನ್ನು ಅಚ್ಚು ಹಾಕಲು ಕಾರ್ಖಾನೆಯ ಕೆಲಸಗಾರರು ಒಪ್ಪದೆ ಹೋದಾಗ, ಅಷ್ಟು ಹೊತ್ತಿನ ಮೌನವನ್ನೇ ಆ ಜಾಗದಲ್ಲಿಟ್ಟು, ಅದಕ್ಕೆ ಮುಕ್ತ ವಾಣಿಯ ಧ್ವನಿ ಎಂಬರ್ಥದ ಹೆಸರು ಕೊಟ್ಟು ಮಾರಿದವರು ಅವರು. ಇಷ್ಟಕ್ಕಿಂತ ಹೆಚ್ಚು ಬೆಲೆ ಕೊಡಬೇಡಿರೆಂದು ತಮ್ಮ ತಟ್ಟೆಗಳ ಹೊದಿಕೆಯ ಮೇಲೆಯೇ ಅಚ್ಚು ಹಾಕಿಸುತ್ತಿದ್ದರು. ಫಾಕ್‌ಲ್ಯಾಂಡ್ ಯುದ್ಧದ ವಿರುದ್ಧ ಅವರು ಹಾಡೊಂದನ್ನು ಕಟ್ಟಿ, ಕಾಗದದಂತೆ ಬಾಗುವ ತೆಳುವಾದ ತಟ್ಟೆಯ ಮೇಲೆ ಇಳಿಸಿ, ಹೆಸರು ಹಾಕದೆ ಹೊರಬಿಟ್ಟರು. ತಟ್ಟೆಗಳನ್ನು ಅಂಗಡಿಗಳಿಗೆ ಸರಬರಾಜು ಮಾಡುವ ಗೋದಾಮಿನಲ್ಲಿದ್ದ ಮಿತ್ರರು ಅದನ್ನು ಬೇರೆ ಬೇರೆ ಗಾಯಕರ ತಟ್ಟೆಗಳ ಹೊದಿಕೆಯೊಳಗೆ ಸದ್ದಿಲ್ಲದೆ ಸೇರಿಸಿದರು. ಮನೆಗೆ ಹೋಗಿ ಹೊದಿಕೆ ತೆರೆದವನಿಗೆ ತಾನು ಕೊಳ್ಳದ ಹಾಡೊಂದು ಸಿಗುತ್ತಿತ್ತು.

ಅದೇ ವರ್ಷ ಯುದ್ಧ ಮುಗಿದ ಮೇಲೆ ಅವರು ಹೆಸರು ಹಾಕಿಯೇ ಇನ್ನೊಂದು ತಟ್ಟೆ ತಂದರು. ಸತ್ತ ಸಾವಿರ ಮಂದಿಗೆ ತಾಯಾಗಿರುವುದು ಹೇಗೆನಿಸುತ್ತದೆ ಎಂಬ ಪ್ರಶ್ನೆಯೇ ಅದರ ಹೆಸರು. ಪ್ರಶ್ನೆ ಕೇಳಿದ್ದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು. ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು. ಆ ತಟ್ಟೆಯನ್ನು ಕೇಳಿದ್ದೀರಾ ಎಂದು ಪ್ರಧಾನಿಯವರನ್ನು ಕೇಳಲಾಯಿತು. ಆಡಳಿತ ಪಕ್ಷದ ಸದಸ್ಯನೊಬ್ಬ ಅಶ್ಲೀಲ ಪ್ರಕಟನೆಗಳ ಕಾಯಿದೆಯನ್ವಯ ತಂಡದ ಮೇಲೆ ಮೊಕದ್ದಮೆ ಹೂಡಬೇಕೆಂದು ಒತ್ತಾಯಿಸಿದ. ಮೊಕದ್ದಮೆ ನಡೆಯಲಿಲ್ಲ. ಬೈಗುಳದ ಪದ ಅಶ್ಲೀಲವೋ, 323 ಮಂದಿಯ ಸಾವಿಗೆ ಹಾಕಿದ ಆ ತಲೆಬರಹ ಅಶ್ಲೀಲವೋ ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಆಚೆಯ ದಡ

ಕಡಲಿನ ಆಚೆಯ ದಡದಲ್ಲಿಯೂ ಇಂಥದೇ ಹುಡುಗರಿದ್ದರು. ಅವರ ಗತಿ ಇನ್ನೂ ಕಷ್ಟದ್ದು. ಅರ್ಜೆಂಟೀನಾವನ್ನು 1976ರಿಂದ ಆಳುತ್ತಿದ್ದವರು ಸೇನಾಧಿಪತಿಗಳು. ಅವರ ಕಾಲದಲ್ಲಿ ಸಾವಿರಾರು ಮಂದಿ ಮನೆಯಿಂದ ಕಣ್ಮರೆಯಾಗಿ ಮರಳಲಿಲ್ಲ. ದ್ವೀಪಕ್ಕೆ ಕಳುಹಿಸಿದ ಸೈನಿಕರಲ್ಲಿ ಬಹುಮಂದಿ ಕಡ್ಡಾಯದ ಸೇವೆಗೆ ಬಂದ ಹದಿನೆಂಟು, ಹತ್ತೊಂಬತ್ತರ ಹರೆಯದವರು. ಅರ್ಜಿ ಬರೆಯಲೇ, ಬೇಡವೇ ಎಂದು ಯೋಚಿಸುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ ಎರಡು ಸರ್ಕಾರಗಳ ಹಟದಲ್ಲಿ ಅವರು ಬಡವಾದರು.

ಯುದ್ಧ ಆರಂಭವಾದೊಡನೆ ಅರ್ಜೆಂಟೀನಾದ ಬಾನುಲಿಯಿಂದ ಇಂಗ್ಲಿಷ್ ಹಾಡುಗಳನ್ನು ತೆಗೆದುಹಾಕಲಾಯಿತು. ಶತ್ರುವಿನ ಭಾಷೆಯಲ್ಲಿ ಪ್ರೇಮಗೀತೆಯೂ ದ್ರೋಹವಾಯಿತು. ಖಾಲಿಯಾದ ಹೊತ್ತನ್ನು ತುಂಬಲು, ಅದುವರೆಗೆ ಸರ್ಕಾರ ಅನುಮಾನದಿಂದಲೇ ಕಾಣುತ್ತಿದ್ದ ಸ್ವದೇಶದ ರಾಕ್ ಗಾಯಕರನ್ನೇ ಕರೆಯಬೇಕಾಯಿತು. ಮೇ 16ರಂದು ಬ್ಯೂನಸ್ ಐರಿಸ್ ನಗರದಲ್ಲಿ ಅಂಥ ಗಾಯಕರ ದೊಡ್ಡ ಮೇಳ ನಡೆಯಿತು. ನೋಡಲು ಬಂದವರು ಸೈನಿಕರಿಗೆಂದು ಬೆಚ್ಚನೆಯ ಬಟ್ಟೆಯನ್ನೂ ತಿನಿಸನ್ನೂ ತಂದುಕೊಟ್ಟರು. ಕೊಟ್ಟದ್ದರಲ್ಲಿ ಬಹುಪಾಲು ದ್ವೀಪದ ಚಳಿಯಲ್ಲಿದ್ದವರನ್ನು ತಲಪಲಿಲ್ಲವೆಂಬ ಕೊರಗು ಆಮೇಲೆ ಬಹುಕಾಲ ಉಳಿಯಿತು. ಲಿಯೋನ್ ಗೀಕೋ ಎಂಬ ಗಾಯಕ ಅಲ್ಲಿ ಹಾಡಿದ ಶಾಂತಿಗೀತೆ 1978ರಲ್ಲಿ, ಚಿಲಿಯೊಡನೆ ಯುದ್ಧವಾಗುವ ಭೀತಿ ಕವಿದಿದ್ದಾಗ, ಹೊರಬಂದದ್ದು. ಒಂದು ಯುದ್ಧ ಬಾರದಿರಲೆಂದು ಕಟ್ಟಿದ ಹಾಡು ಇನ್ನೊಂದು ಯುದ್ಧದ ನಡುವೆ ಸಲ್ಲಬೇಕಾಯಿತು.

‘ವೀರುಸ್’ ಎಂಬ ತಂಡ ಆ ಮೇಳಕ್ಕೆ ಬರಲು ಒಪ್ಪಲಿಲ್ಲ. ಆ ತಂಡದಲ್ಲಿದ್ದ ಸೋದರರ ಅಣ್ಣನನ್ನು ಸೈನ್ಯಾಡಳಿತದವರು 1977ರಲ್ಲಿ ಹಿಡಿದೊಯ್ದಿದ್ದರು, ಅವನು ಹಿಂದಿರುಗಿರಲಿಲ್ಲ. ಎಲ್ಲರೂ ಹಾಡುವಾಗ ಹಾಡದಿರುವುದೂ ಒಂದು ಹಾಡೇ ಎಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸುಳ್ಳಿನ ಸುರುಳಿ

ಈ ಕಥೆಯಲ್ಲಿ ಇನ್ನೊಂದು ಧ್ವನಿಸುರುಳಿ ಬರುತ್ತದೆ. ಹುಡುಗನ ಸುರುಳಿಯ ಬೆಲೆ ತಿಳಿಯಬೇಕಾದರೆ ಅದನ್ನೂ ನೋಡಬೇಕು. ಕ್ರಾಸ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸುವವನು ಥ್ಯಾಚರ್ ಅವರದೂ ಅಮೆರಿಕದ ಅಧ್ಯಕ್ಷ ರೇಗನ್ ಅವರದೂ ಭಾಷಣ ಸಂದರ್ಶನಗಳಿಂದ ಮಾತಿನ ಚೂರುಗಳನ್ನು ಆಯ್ದು ಜೋಡಿಸಿದ. ಸಿದ್ಧವಾದದ್ದು ಇಬ್ಬರ ನಡುವೆ ನಡೆದ ಗುಟ್ಟಿನ ದೂರವಾಣಿ ಸಂಭಾಷಣೆಯಂತೆ ಕೇಳುವ ಒಂದು ಸುರುಳಿ. ಶೆಫೀಲ್ಡ್ ನೌಕೆಯನ್ನು ಬೇಕೆಂದೇ ಬಲಿಗೊಟ್ಟರೆಂದೂ, ಅಣುಯುದ್ಧವಾದರೆ ಯೂರೋಪೇ ರಣಭೂಮಿಯಾಗುವುದೆಂದೂ ಅದರಿಂದ ಅರ್ಥವಾಗುತ್ತಿತ್ತು. 1983ರ ಚುನಾವಣೆಯ ಹೊತ್ತಿಗೆ ಅದನ್ನು ಹೆಸರಿಲ್ಲದೆ ಪತ್ರಿಕೆಗಳಿಗೆ ಕಳುಹಿಸಿದರು.

ಆಮೇಲೆ ನಡೆದದ್ದು ನಗೆಗೂ ಭಯಕ್ಕೂ ಸಮನಾದ ವಿಷಯ. ಇದು ಸೋವಿಯತ್ ಗೂಢಚಾರರ ಕೃತ್ಯವೆಂದು ಅಮೆರಿಕದ ವಿದೇಶಾಂಗ ಇಲಾಖೆ ಎಣಿಸಿತು. ಅರ್ಜೆಂಟೀನಾದ ಬೇಹುಗಾರರದೂ ಇರಬಹುದೆಂದು ಬ್ರಿಟನ್ನಿನವರು ಊಹಿಸಿದ್ದರೆಂಬುದು ಮೂವತ್ತು ವರ್ಷಗಳ ಬಳಿಕ ತೆರೆದ ಕಡತಗಳಿಂದ ತಿಳಿದುಬಂತು. 1984ರ ಜನವರಿಯಲ್ಲಿ ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆ ನಿಜವಾದ ಕರ್ತೃಗಳನ್ನು ಪತ್ತೆಹಚ್ಚಿತು. ಎರಡು ಮಹಾರಾಷ್ಟ್ರಗಳ ಬೇಹುಗಾರಿಕೆಗೆ, ಹಳ್ಳಿಯ ಮನೆಯಲ್ಲಿ ಕತ್ತರಿ ಹಿಡಿದು ಕುಳಿತ ಗಿಟಾರುವಾದಕ ಹೊಳೆದಿರಲಿಲ್ಲ!

ಬುದ್ಧಿವಂತಿಕೆಯನ್ನು ಮೆಚ್ಚಬಹುದು, ಧೈರ್ಯವನ್ನೂ ಮೆಚ್ಚಬಹುದು. ಆದರೆ ಮೆಚ್ಚಿ ಮುಗಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಯುದ್ಧವನ್ನು ವಿರೋಧಿಸುವವರ ಮುಖ್ಯವಾದ ದೂರು ಏನು? ಆಳುವವರು ಸುಳ್ಳು ಹೇಳಿ ಜನರ ಮಕ್ಕಳನ್ನು ಸಾಯಲು ಕಳುಹಿಸುತ್ತಾರೆಂಬುದು. ಆಡದ ಮಾತನ್ನು ಆಡಿಸಿ ಆ ದೂರನ್ನು ಸಾಧಿಸಹೊರಟರೆ, ದೂರು ಹೇಳುವವನ ಕೈಯಲ್ಲೇ ಅದರ ಬುಡ ಕಳಚುತ್ತದೆ. ಶೆಫೀಲ್ಡ್ ನೌಕೆಯಲ್ಲಿ ಸತ್ತ 20 ಮಂದಿಯ ತಾಯಂದಿರಲ್ಲಿ ಒಬ್ಬಳು ಅದನ್ನು ನಿಜವೆಂದು ನಂಬಿ ಕೇಳಿದ್ದರೆ? ಸತ್ತವರ ಹೆಸರಿನಲ್ಲಿ ಸುಳ್ಳು ಹೇಳುವ ಹಕ್ಕು ಯುದ್ಧ ಹೂಡಿದವರಿಗೂ ಇಲ್ಲ, ಅದನ್ನು ತಡೆಯಹೊರಟವರಿಗೂ ಇಲ್ಲ. ಇಂದು ಯಾರ ದನಿಯಲ್ಲಿ ಯಾವ ಮಾತನ್ನಾದರೂ ಕಂಪ್ಯೂಟರು ಕ್ಷಣದಲ್ಲಿ ನುಡಿಸಬಲ್ಲುದಾದ್ದರಿಂದ, ನಾಲ್ಕು ದಶಕಗಳ ಹಿಂದಿನ ಈ ಕಥೆ ಹಳೆಯದಾಗಿಲ್ಲ.

ಹುಡುಗನ ಸುರುಳಿಯೂ ಕತ್ತರಿಸಿ ಜೋಡಿಸಿದ್ದೇ. ಅದರಲ್ಲಿಯೂ ಒಂದು ಮಾತೂ ಅವನದಲ್ಲ. ಆದರೆ ಯಾವ ಹಾಡು ಯಾರದೆಂದು ಅವನ ಕೈಬರಹದಲ್ಲೇ ಬರೆದಿದೆ. ಕೊಟ್ಟವನಾರೆಂಬುದು ಪಡೆದವನಿಗೆ ಗೊತ್ತು. ಬೇಸರವಾದರೆ ನಾಳೆ ಬಂದು ಅವನ ಬಾಗಿಲನ್ನೇ ತಟ್ಟಬಹುದು. ಬಾನುಲಿಯೊಡನೆ ವಾದಿಸಲಾಗುವುದಿಲ್ಲ, ತಲೆಬರಹದೊಡನೆ ವಾದಿಸಲಾಗುವುದಿಲ್ಲ, ಹೆಸರಿಲ್ಲದೆ ಬಂದ ಸುರುಳಿಯೊಡನೆ ವಾದಿಸಲಾಗುವುದಿಲ್ಲ. ಗೆಳೆಯನೊಡನೆ ವಾದಿಸಬಹುದು.

ಏನು ಸಾಧಿಸಿತು?

ಇಂಥ ಸುರುಳಿಗಳಿಂದ ಯುದ್ಧ ನಿಂತಿತೇ? ನಿಲ್ಲಲಿಲ್ಲ. ಸುರುಳಿಯ ಮಾತಿರಲಿ, 2003ರ ಫೆಬ್ರವರಿ 15ರಂದು ಇರಾಕಿನ ಮೇಲಿನ ಯುದ್ಧವನ್ನು ವಿರೋಧಿಸಿ ಲಂಡನ್ನಿನ ಬೀದಿಗಳಲ್ಲಿ ಲಕ್ಷೋಪಲಕ್ಷ ಜನ ನಡೆದರು. ಮುಂದಿನ ತಿಂಗಳೇ ಬಾಂಬುಗಳು ಬಿದ್ದವು. ಕ್ರಾಸ್ ತಂಡ 1984ರಲ್ಲಿ, ಮುಷ್ಕರ ಹೂಡಿದ್ದ ಗಣಿಕಾರ್ಮಿಕರ ಸಹಾಯಾರ್ಥ ವೇಲ್ಸಿನ ಊರೊಂದರಲ್ಲಿ ಕಡೆಯ ಕಚೇರಿ ನಡೆಸಿ ಚದುರಿತು. ಗ್ರೀನಮ್ ಕಾಮನ್‌ಗೆ ಕ್ಷಿಪಣಿಗಳು 1983ರಲ್ಲಿ ಬಂದೇ ಬಂದವು. 1991ರಲ್ಲಿ ಅವು ಹೊರಟುಹೋದದ್ದು ಎರಡು ಮಹಾರಾಷ್ಟ್ರಗಳ ಒಪ್ಪಂದದಿಂದ. ಆ ಒಪ್ಪಂದದಲ್ಲಿ ಹೆಂಗಸರ ಬೀಡಿನ ಪಾಲೆಷ್ಟು, ಹಾಡಿನ ಪಾಲೆಷ್ಟು ಎಂದು ತೂಗುವ ತಕ್ಕಡಿ ಇಲ್ಲ.

ಆದರೆ ಯುದ್ಧಕ್ಕೆ ಮೊದಲು ಬೇಕಾಗುವುದು ಮದ್ದುಗುಂಡಲ್ಲ. ಊರೆಲ್ಲ ಒಂದೇ ದನಿಯಾಗಿರಬೇಕಾದದ್ದು. ‘ಎಲ್ಲರೂ ಹೌದೆನ್ನುವಾಗ ನನಗೊಬ್ಬನಿಗೇ ಏಕೆ ಅಳುಕು?’ ಎಂದು ಒಬ್ಬೊಬ್ಬನೂ ತನ್ನ ಅಳುಕನ್ನು ಬಚ್ಚಿಟ್ಟುಕೊಂಡರೆ ಆ ಒಂದೇ ದನಿ ಸಿದ್ಧವಾಗುತ್ತದೆ. ಸುರುಳಿ ಪಡೆದ ಗೆಳೆಯ ಸೈನ್ಯಕ್ಕೆ ಹೋಗಿರಬಹುದು, ಹೋಗದಿರಬಹುದು. ಆ ವರ್ಷ ಎರಡು ಬಗೆಯ ಗೆಳೆಯರೂ ಇದ್ದರು. ಹೋದವನನ್ನು ಹೇಡಿಯೆಂದಾಗಲಿ ಕೊಲೆಗಡುಕನೆಂದಾಗಲಿ ಕರೆಯುವುದು ಸುರುಳಿಯ ಉದ್ದೇಶವಲ್ಲ. ‘ನಿನ್ನ ಅಳುಕು ನನಗೂ ಇದೆ, ನೀನು ಒಂಟಿಯಲ್ಲ’ ಎಂಬುದಷ್ಟೇ ಅದು ಹೇಳಬಲ್ಲ ಮಾತು. ಆ ಮಾತನ್ನು ಬೇರೆ ಯಾರೂ ಅವನಿಗೆ ಹೇಳುತ್ತಿರಲಿಲ್ಲ.

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಇನ್ನು ಅದರ ಮೇಲೆ ಬೇರೆ ದನಿ ಮೂಡುವುದಿಲ್ಲ; ತುಂಬಿದ ಹಾಡುಗಳು ಭದ್ರ. ಹುಡುಗ ಕೆಲಸ ಮುಗಿಸಿ ಅವನ್ನು ಮುರಿದಿರಬೇಕು. ಆದರೆ ಆ ಕಾಲದ ಹುಡುಗರೆಲ್ಲ ಬಲ್ಲ ಉಪಾಯವೊಂದಿತ್ತು: ಮುರಿದ ಜಾಗಕ್ಕೆ ಅಂಟುಪಟ್ಟಿಯ ಒಂದು ತುಣುಕನ್ನು ಹಚ್ಚಿದರೆ ಸಾಕು, ಸುರುಳಿ ಮತ್ತೆ ಬರೆಸಿಕೊಳ್ಳುತ್ತದೆ. ಗೆಳೆಯನಿಗೆ ಇಷ್ಟವಾಗದಿದ್ದರೆ ಎಲ್ಲವನ್ನೂ ಅಳಿಸಿ ಸೈನ್ಯದ ಬ್ಯಾಂಡನ್ನೇ ತುಂಬಿಕೊಳ್ಳಬಹುದು. ಇದು ಹುಡುಗನಿಗೂ ತಿಳಿದಿತ್ತು. ತಿಳಿದೂ ಅವನು ಚೀಟಿಯ ಮೇಲೆ ಕಡೆಯ ಹಾಡಿನ ಹೆಸರನ್ನು ಬರೆದು, ಸುರುಳಿಯನ್ನು ಜೇಬಿಗಿಳಿಸಿ, ಗೆಳೆಯನ ಮನೆಯ ಕಡೆಗೆ ನಡೆದ.